ಸೀಮೆ ದಾಟಿಸಲಾಗದ ಮಾರಿ

ಕನ್ನಡದಲ್ಲಿ ಮಾರಿ ಎಂದರೆ ದೇವಿಯೂ ಹೌದು, ಊರಿಗೆ ಬಂದೆರಗುವ ಬೇನೆಯೂ ಹೌದು. ಶಿರಸಿಯಲ್ಲಿ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಜಾತ್ರೆಗೆ ಮುಂಚಿನ ವಾರಗಳಲ್ಲಿ ಹೊರಬೀಡುಗಳು ನಡೆದು, ಕೊನೆಗೆ ದೇವಿ ಬಿಡಕಿಬೈಲಿನ ಗದ್ದುಗೆಗೆ ಬಂದು ಕೂರುತ್ತಾಳೆ. ಮಲೆನಾಡಿನ ಸಣ್ಣ ಊರುಗಳಲ್ಲಿಯೂ ಸಿಡುಬು ಕಾಣಿಸಿಕೊಂಡಾಗ ಮಾರಿಯನ್ನು ಪೂಜಿಸಿ, ಉಪಚರಿಸಿ, ಊರಿನ ಸೀಮೆ ದಾಟಿಸಿ ಬರುವ ಪದ್ಧತಿಯಿತ್ತು. ಅದರ ಹಿಂದೆ ಒಂದು ಸ್ಪಷ್ಟವಾದ ತಿಳಿವಳಿಕೆಯಿತ್ತು: ಬೇನೆ ಹೊರಗಿನಿಂದ ಬಂದದ್ದು, ಆದ್ದರಿಂದ ಅದನ್ನು ಹೊರಗೆ ಕಳಿಸಬಹುದು. ಸಿಡುಬಿನ ಮಟ್ಟಿಗೆ ಈ ತಿಳಿವಳಿಕೆ ಪೂರ್ತಿ ತಪ್ಪೇನೂ ಆಗಿರಲಿಲ್ಲ. ಸಿಡುಬಿನ ವೈರಸ್ಸು ಮನುಷ್ಯನಿಂದ ಮನುಷ್ಯನಿಗೆ ದಾಟುತ್ತಿತ್ತು, ದಾರಿಯಲ್ಲಿ ನಡೆದುಬಂದವನ ಜೊತೆಗೇ ಊರು ಹೊಗುತ್ತಿತ್ತು. ಆದರೆ ಕಳೆದ ಐದು ದಶಕಗಳಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆ ಎದುರಿಸಬೇಕಾಗಿರುವ ಮಂಗನ ಕಾಯಿಲೆ ಬೇರೆ ಜಾತಿಯದು. ಅದಕ್ಕೆ ಸೀಮೆಯೇ ಮನೆ. ತೋಟ ಮುಗಿದು ಬೆಟ್ಟ ಶುರುವಾಗುವಲ್ಲಿ, ಬೆಟ್ಟ ಮುಗಿದು ಕಾನು ಶುರುವಾಗುವಲ್ಲಿ ಅದು ನೆಲೆಸಿದೆ. ಹೊರಗಿನಿಂದ ಬಂದ ಮಾರಿಗೆ ಕಲಿತ ಪಾಠವನ್ನೇ ಇದಕ್ಕೂ ಅನ್ವಯಿಸಲು ಹೋದದ್ದರಿಂದ ನಾವು ಮತ್ತೆ ಮತ್ತೆ ಎಡವಿದ್ದೇವೆ ಎಂಬುದು ಈ ಲೇಖನದ ವಾದ.

ಮೊದಲು ಗೆದ್ದ ಯುದ್ಧವನ್ನು ನೋಡೋಣ. ಘಟ್ಟದ ಮೇಲಿನ ಈ ತಾಲ್ಲೂಕುಗಳು 1799ರ ನಂತರ ಮದರಾಸು ಆಡಳಿತಕ್ಕೆ ಸೇರಿದ್ದವು, 1862ರಲ್ಲಿ ಉತ್ತರ ಕೆನರಾ ಜಿಲ್ಲೆಯ ಭಾಗವಾಗಿ ಮುಂಬಯಿ ಪ್ರಾಂತ್ಯಕ್ಕೆ ಹೋದವು. ಎರಡೂ ಆಡಳಿತಗಳಲ್ಲಿ ಸಿಡುಬಿಗೆ ಚುಚ್ಚುವವರು ಊರೂರು ಅಲೆದರು. ಜನ ಅದನ್ನು ದೇವಿ ಹಾಕಿಸುವುದು ಎಂದು ಕರೆದು, ಹಳೆಯ ನಂಬಿಕೆಯೊಳಗೇ ಹೊಸ ಔಷಧಕ್ಕೂ ಜಾಗ ಕೊಟ್ಟರು. ಹೆದರಿದವರೂ, ಮಕ್ಕಳನ್ನು ಅಡಗಿಸಿದವರೂ ಇದ್ದರು. ಆದರೂ 1975ರ ಹೊತ್ತಿಗೆ ಭಾರತದಲ್ಲಿ ಸಿಡುಬು ಕೊನೆಯಾಯಿತು, 1980ರಲ್ಲಿ ಜಗತ್ತೇ ಸಿಡುಬುಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಈ ಗೆಲುವಿಗೆ ನಾಲ್ಕು ಕಾರಣಗಳಿದ್ದವು. ಸಿಡುಬಿನ ವೈರಸ್ಸಿಗೆ ಮನುಷ್ಯನ ಹೊರತು ಬೇರೆ ಆಸರೆ ಇರಲಿಲ್ಲ. ರೋಗಿಯ ಮೈಮೇಲಿನ ಗುಳ್ಳೆಗಳೇ ರೋಗವನ್ನು ಹೇಳುತ್ತಿದ್ದವು, ಪ್ರಯೋಗಾಲಯಕ್ಕೆ ಕಾಯಬೇಕಿರಲಿಲ್ಲ. ಒಂದು ಸಲ ಹಾಕಿದ ಲಸಿಕೆ ವರ್ಷಗಟ್ಟಲೆ ಕಾಯುತ್ತಿತ್ತು. ಒಣಗಿಸಿ ಪುಡಿ ಮಾಡಿದ ಲಸಿಕೆಯನ್ನು ಬಿಸಿಲಿನ ದಾರಿಯಲ್ಲಿಯೂ ಒಯ್ಯಬಹುದಿತ್ತು. ಹೀಗಾಗಿ ರೋಗಿಯನ್ನು ಹುಡುಕಿ, ಅವನ ಸುತ್ತಲಿನವರಿಗೆ ಲಸಿಕೆ ಹಾಕಿದರೆ ವೈರಸ್ಸಿಗೆ ಹೋಗಲು ದಾರಿಯೇ ಉಳಿಯುತ್ತಿರಲಿಲ್ಲ. ಸೀಮೆ ಕಟ್ಟುವ ಹಳೆಯ ಕಲ್ಪನೆ ವಿಜ್ಞಾನದ ಕೈಯಲ್ಲಿ ನಿಜವಾಯಿತು. ಮುಂದೆ ಹೇಳುವ ಕಾಯಿಲೆಗೆ ಈ ನಾಲ್ಕರಲ್ಲಿ ಒಂದೂ ಹೊಂದುವುದಿಲ್ಲ.

ಈ ನಾಡಿಗೆ ಜ್ವರ ಹೊಸದಲ್ಲ. ಬ್ರಿಟಿಷರ ಕಾಲದ ದಾಖಲೆಗಳು, ಮುಖ್ಯವಾಗಿ 1883ರ ಕೆನರಾ ಗ್ಯಾಸೆಟಿಯರ್, ಘಟ್ಟದ ಮೇಲಿನ ಕಾಡುಸೀಮೆಯನ್ನು ಜ್ವರದ ಸೀಮೆ ಎಂದೇ ಬಣ್ಣಿಸುತ್ತವೆ. ಅದು ಹೆಚ್ಚಿನಂಶ ಮಲೇರಿಯಾ. ವೈರಸ್ಸಿನಿಂದ ಬರುವ ಕಾಯಿಲೆಯಲ್ಲ. ಆದರೂ ಮಂಗನ ಕಾಯಿಲೆಯ ಕಥೆ ಅದನ್ನು ಬಿಟ್ಟು ಅರ್ಥವಾಗುವುದಿಲ್ಲ. ತಲೆಮಾರುಗಟ್ಟಲೆ ಮಲೇರಿಯಾ ಇಲ್ಲಿನ ಜನಸಂಖ್ಯೆಯನ್ನು ಹಿಡಿದು ನಿಲ್ಲಿಸಿತ್ತು, ಹೊರಗಿನವರು ಇಲ್ಲಿ ಬಂದು ನೆಲೆಸಲು ಅಂಜುತ್ತಿದ್ದರು. 1940ರ ದಶಕದ ಮಧ್ಯದಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಿಡಿಟಿ ಸಿಂಪಡಿಸುವ ದೊಡ್ಡ ಕಾರ್ಯಕ್ರಮ ನಡೆಯಿತು. ದೇಶದಲ್ಲಿ ಆ ಬಗೆಯ ಮೊದಲ ಪ್ರಯತ್ನಗಳಲ್ಲಿ ಅದೂ ಒಂದು, ಫಲವೂ ಬೇಗ ಸಿಕ್ಕಿತು. ಮಕ್ಕಳು ಬದುಕಿದರು, ಊರುಗಳು ತುಂಬಿಕೊಂಡವು, ಹೊಸ ಗದ್ದೆ ತೋಟಗಳು ಎದ್ದವು, ದನಕರು ಹೆಚ್ಚಿದವು. ಇದು ನಿಸ್ಸಂಶಯವಾಗಿ ಒಳ್ಳೆಯ ಬದಲಾವಣೆ. ಆದರೆ ಅದರೊಟ್ಟಿಗೆ ಕಾಡಿನ ಅಂಚು ಉದ್ದವಾಯಿತು, ಆ ಅಂಚಿನಲ್ಲಿ ಓಡಾಡುವ ಮನುಷ್ಯರೂ ಜಾನುವಾರುಗಳೂ ಹೆಚ್ಚಾದರು. ಗಡಿಯ ಆಚೆ ಮೈಸೂರು ರಾಜ್ಯದ ಮಲೆನಾಡಿನಲ್ಲಿಯೂ ಮಲೇರಿಯಾ ಇಳಿದಂತೆ ಹೀಗೇ ನಡೆಯಿತು. ಇದಾಗಿ ಒಂದು ದಶಕ ಕಳೆಯುವಷ್ಟರಲ್ಲಿ ಮಂಗಗಳು ಸಾಯತೊಡಗಿದವು.

1957ರ ಮೊದಲ ತಿಂಗಳುಗಳಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳುತ್ತಿದ್ದವು, ಸುತ್ತಲಿನ ಹಳ್ಳಿಗಳ ಜನ ಭಾರಿ ಜ್ವರದಿಂದ ಮಲಗಿದ್ದರು. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ 1952ರಲ್ಲಿ ಒಟ್ಟಾಗಿ ಆರಂಭಿಸಿದ್ದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ವಿಜ್ಞಾನಿಗಳಿಗೆ ಮೊದಲು ಬಂದ ಸಂದೇಹ ಹಳದಿ ಜ್ವರದ್ದು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಕ್ಕೆ ಸೀಮಿತವಾದ, ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನು ಕೊಲ್ಲುವ ಆ ಕಾಯಿಲೆ ಏಷ್ಯಾಕ್ಕೆ ಬಂದಿತೇ ಎಂಬ ಆತಂಕ ಸಣ್ಣದಾಗಿರಲಿಲ್ಲ. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಅವರ ಸಹೋದ್ಯೋಗಿಗಳು ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ಹಳದಿ ಜ್ವರದ್ದಾಗಿರಲಿಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್ಸಿನ ಸಂಬಂಧಿಯಾಗಿತ್ತು. ಆಗ ಇನ್ನೊಂದು ಊಹೆ ಹುಟ್ಟಿತು: ಚಳಿಗಾಲಕ್ಕೆ ಉತ್ತರದಿಂದ ವಲಸೆ ಬರುವ ಹಕ್ಕಿಗಳು ಮೈಮೇಲಿನ ಉಣುಗಿನ ಜೊತೆ ಇದನ್ನು ತಂದಿರಬಹುದೇ? ಈ ಪ್ರಶ್ನೆಗೆ ಉತ್ತರ ಹುಡುಕುವ ಉದ್ದೇಶವೂ ಸೇರಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿಯವರು 1959ರಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಅಧ್ಯಯನ ಆರಂಭಿಸಿದರು. ಭಾರತದ ಪಕ್ಷಿವಿಜ್ಞಾನಕ್ಕೆ ಅದರಿಂದ ಬಹಳ ಲಾಭವಾಯಿತು, ಆದರೆ ಹಕ್ಕಿಗಳು ಈ ರೋಗವನ್ನು ಹೊತ್ತು ತಂದವು ಎಂಬುದು ಸಾಬೀತಾಗಲಿಲ್ಲ. ಗಮನಿಸಬೇಕಾದ ಸಂಗತಿ ಇದು: ಆಫ್ರಿಕಾದಿಂದ ಬಂತೇ, ಸೈಬೀರಿಯಾದಿಂದ ಬಂತೇ ಎಂದು ಕೇಳುವಾಗ ವಿಜ್ಞಾನವೂ ಮಾರಿಯ ಪ್ರಶ್ನೆಯನ್ನೇ ಕೇಳುತ್ತಿತ್ತು. ಬೇನೆ ಎಲ್ಲಿಂದಲೋ ಬಂದಿರಲೇಬೇಕು ಎಂಬ ನಂಬಿಕೆ ಅಷ್ಟು ಆಳವಾದದ್ದು.

ಉತ್ತರ ಸಿಕ್ಕಿದ್ದು ನೆಲದಲ್ಲಿ, ಉದುರಿದ ಎಲೆಗಳ ನಡುವೆ. ಸಾಗರದಲ್ಲಿ ಕ್ಷೇತ್ರ ಕೇಂದ್ರ ಮಾಡಿಕೊಂಡು ಹೋರ್ಹೆ ಬೊಶೆಲ್, ಟಿ. ರಾಮಚಂದ್ರ ರಾವ್, ಪಿ.ಕೆ. ರಾಜಗೋಪಾಲನ್ ಮುಂತಾದವರು ವರ್ಷಗಟ್ಟಲೆ ಕಾಡು ಸುತ್ತಿ ಕಂಡುಕೊಂಡ ಚಕ್ರ ಹೀಗಿದೆ. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ಮುಖ್ಯ ವಾಹಕ. ಮಳೆಗಾಲ ಮುಗಿಯುತ್ತಿದ್ದಂತೆ ಮೊಟ್ಟೆಯೊಡೆದ ಮರಿಗಳು ಇಲಿ, ಸೊಂಡಿಲಿ, ಹಕ್ಕಿ, ಮಂಗಗಳ ರಕ್ತ ಕುಡಿದು ಬೆಳೆಯುತ್ತವೆ. ನವೆಂಬರ್, ಡಿಸೆಂಬರಿನಿಂದ ಮೇ ತಿಂಗಳವರೆಗೆ ಅವು ಎಳ್ಳುಕಾಳಿನಷ್ಟೇ ಇರುವ ಎರಡನೇ ಹಂತದಲ್ಲಿರುತ್ತವೆ. ಮನುಷ್ಯನಿಗೆ ಹೆಚ್ಚು ಕಚ್ಚುವುದು, ಕಚ್ಚಿದ್ದು ತಿಳಿಯದೇ ಹೋಗುವುದು ಈ ಹಂತದಲ್ಲಿಯೇ. ಬೆಳೆದ ಉಣುಗು ಮಳೆಗಾಲದಲ್ಲಿ ದನದಂಥ ದೊಡ್ಡ ಪ್ರಾಣಿಯ ಮೈ ಹುಡುಕುತ್ತದೆ. ಮಂಗ ಸತ್ತು ಮೈ ತಣ್ಣಗಾದಾಗ ಅದರ ಮೇಲಿದ್ದ ಉಣುಗುಗಳೆಲ್ಲ ಕೆಳಗಿಳಿಯುತ್ತವೆ, ಆ ಜಾಗ ಅಪಾಯದ ತಾಣವಾಗುತ್ತದೆ. ದನಗಳ ಪಾತ್ರ ಸೂಕ್ಷ್ಮವಾದದ್ದು: ಅವು ವೈರಸ್ಸನ್ನು ಬೆಳೆಸಿ ಹಂಚುವುದಿಲ್ಲ, ಆದರೆ ಉಣುಗಿನ ಸಂತತಿಯನ್ನು ಸಾಕುತ್ತವೆ. ಮನುಷ್ಯನಂತೂ ಈ ಚಕ್ರಕ್ಕೆ ಬೇಕಾಗಿಯೇ ಇಲ್ಲ. ರೋಗಿಯಿಂದ ಮತ್ತೊಬ್ಬರಿಗೆ ಈ ಕಾಯಿಲೆ ದಾಟುವುದಿಲ್ಲ. ಶಿರಸಿಯಲ್ಲಾಗಲಿ ಸಿದ್ದಾಪುರದಲ್ಲಾಗಲಿ ಒಬ್ಬ ಮನುಷ್ಯನೂ ಇಲ್ಲದಿದ್ದರೂ ವೈರಸ್ಸು ತನ್ನಷ್ಟಕ್ಕೆ ಬದುಕಿರುತ್ತದೆ. ಸಿಡುಬಿಗೂ ಇದಕ್ಕೂ ಇರುವ ಮೂಲ ವ್ಯತ್ಯಾಸ ಇದೇ.

ಹಾಗಾದರೆ ಮನುಷ್ಯ ಈ ಚಕ್ರದೊಳಗೆ ಕಾಲಿಡುವುದು ಎಲ್ಲಿ? ಈ ಮೂರು ತಾಲ್ಲೂಕುಗಳ ಅಡಿಕೆ ಬೇಸಾಯದಲ್ಲಿ ಅದಕ್ಕೆ ಉತ್ತರವಿದೆ. ಇಲ್ಲಿ ತೋಟ ಒಂಟಿಯಾಗಿ ನಿಂತಿಲ್ಲ. ಕಣಿವೆಯಲ್ಲಿ ತೋಟ, ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾನು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂಬ ಸೌಲಭ್ಯವನ್ನು ಬ್ರಿಟಿಷ್ ಅರಣ್ಯ ಆಡಳಿತ ಕ್ರಮಬದ್ಧಗೊಳಿಸಿತು. ಬೆಟ್ಟದ ಹಸಿರುಸೊಪ್ಪು, ಉದುರಿದ ದರಕು ಕೊಟ್ಟಿಗೆಗೆ ಬರುತ್ತದೆ, ದನದ ಕಾಲಡಿ ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ದನ ಹಗಲು ಬೆಟ್ಟದಲ್ಲಿ ಮೇಯ್ದು ಸಂಜೆ ಮನೆಗೆ ಮರಳುತ್ತದೆ. 1801ರಲ್ಲಿ ಯಲ್ಲಾಪುರ, ಸೋಂದಾ, ಶಿರಸಿಗಳ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಈ ತೋಟಗಳ ಬೇಸಾಯವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಪದ್ಧತಿ ಅಷ್ಟು ಹಳೆಯದು. ಶತಮಾನಗಳಿಂದ ನೆಲದ ಸತ್ವ ಕಾಯ್ದ ಈ ಜಾಣ ವ್ಯವಸ್ಥೆಯ ಕೆಲಸದ ಪಂಚಾಂಗವನ್ನೂ ಉಣುಗಿನ ಪಂಚಾಂಗವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕಷ್ಟ ಕಾಣುತ್ತದೆ. ಎಲೆ ಉದುರುವುದು, ದರಕು ಗುಡಿಸುವುದು, ಕಟ್ಟಿಗೆ ಒಟ್ಟುವುದು, ಎಲ್ಲವೂ ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ. ಉಣುಗಿನ ಎರಡನೇ ಹಂತ ನೆಲದಲ್ಲಿ ಕಾದು ಕೂತಿರುವುದೂ ಅದೇ ತಿಂಗಳುಗಳಲ್ಲಿ. 1969ರಲ್ಲಿ ಬೊಶೆಲ್ ಪ್ರಕಟಿಸಿದ ವಿಶ್ಲೇಷಣೆಯ ಸಾರವೂ ಇದಕ್ಕೆ ಹತ್ತಿರದ್ದು: ವೈರಸ್ಸು ಕಾಡಿನಲ್ಲಿ ಮೊದಲೇ ಇತ್ತು, ಜನ ಮತ್ತು ದನ ಹೆಚ್ಚಿ ಕಾಡಿನ ಅಂಚು ಬದಲಾದಾಗ ಅದು ರೋಗವಾಗಿ ಹೊರಬಿತ್ತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ವೈರಸ್ಸು ಮೊದಲೇ ಇದ್ದಿದ್ದರೆ ಅದು ಒಂದೇ ಕಡೆ ಕಾಣಿಸಿ ಆಮೇಲೆ ಹರಡಿದ್ದೇಕೆ? ದಾಖಲೆಗಳ ಪ್ರಕಾರ 1957ರಿಂದ ಸುಮಾರು ಹದಿನೈದು ವರ್ಷ ರೋಗ ಶಿವಮೊಗ್ಗ ಜಿಲ್ಲೆಯ ಸೊರಬ, ಸಾಗರ, ಶಿಕಾರಿಪುರದ ಸುತ್ತ ಮಾತ್ರ ಇತ್ತು. 1972ರಲ್ಲಿ ಉತ್ತರ ಕನ್ನಡದಲ್ಲಿ ಕಂಡುಬಂತು. ಆಮೇಲೆ ದಕ್ಷಿಣ ಕನ್ನಡ, ಚಿಕ್ಕಮಗಳೂರು. 2012ರಿಂದೀಚೆಗೆ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ. ನಕ್ಷೆಯ ಮೇಲೆ ಇದು ಹರಡಿದ ಹಾಗೆಯೇ ಕಾಣುತ್ತದೆ, ಮಂಗಗಳ ಮತ್ತು ಉಣುಗಿನ ಚಲನೆಯಿಂದ ಕೆಲವು ಕಡೆ ಹರಡಿಯೂ ಇರಬಹುದು. ಆದರೆ ನಕ್ಷೆಯಲ್ಲಿ ಗುರುತು ಬೀಳುವುದು ಹುಡುಕಿದ ಕಡೆ ಮಾತ್ರ. 1956ರ ನವೆಂಬರ್ 1ರವರೆಗೆ ಸಿದ್ದಾಪುರ ಮುಂಬಯಿ ರಾಜ್ಯದಲ್ಲಿತ್ತು, ಸೊರಬ ಮೈಸೂರು ರಾಜ್ಯದಲ್ಲಿತ್ತು. ನಡುವಿನ ಗೆರೆ ಕಾಗದದಲ್ಲಿತ್ತು, ಕಾಡು ಒಂದೇ ಆಗಿತ್ತು. ರೋಗ ಪತ್ತೆಯಾದ ಕಾಡಿನ ಸುತ್ತ ಸಂಶೋಧನೆ ನಡೆಯಿತು, ಗೆರೆಯಾಚೆಯ ಜ್ವರಕ್ಕೆ ಹಾಗೆ ಯಾರೂ ಕಾದು ಕೂತಿರಲಿಲ್ಲ. ವೈರಸ್ಸಿನ ವಂಶಾವಳಿಯೂ ಇದನ್ನು ಬೆಂಬಲಿಸುತ್ತದೆ: ಸೌದಿ ಅರೇಬಿಯಾದಲ್ಲಿ 1990ರ ದಶಕದಲ್ಲಿ ಸಿಕ್ಕ ಇದರ ಹತ್ತಿರದ ಸಂಬಂಧಿಯೊಂದಿಗೆ ಪೂರ್ಣ ಜೀನೋಮನ್ನು ಹೋಲಿಸಿದ 2011ರ ಅಧ್ಯಯನ, ಇವೆರಡೂ ಸುಮಾರು 700 ವರ್ಷಗಳ ಹಿಂದೆಯೇ ಕವಲೊಡೆದಿರಬೇಕೆಂದು ಅಂದಾಜಿಸಿತು. ಹಾಗಾದರೆ ರೋಗ ಎಲ್ಲಿಂದ ಬಂತು ಎನ್ನುವುದಕ್ಕಿಂತ, ಯಾವ ಸ್ಥಿತಿಯಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಕೇಳುವುದೇ ಹೆಚ್ಚು ಉಪಯೋಗದ ಪ್ರಶ್ನೆ.

ಎರಡನೆಯ ಆಕ್ಷೇಪ ಕಾಡಿನ ಮೇಲಿನದು: ಕಾಡಿದ್ದರೆ ತಾನೇ ಈ ರೋಗ, ಅದನ್ನು ಕಡಿದರೆ ಮುಗಿಯಿತಲ್ಲ? ಇದಕ್ಕೆ ಇತಿಹಾಸವೇ ಕಠಿಣವಾದ ಉತ್ತರ ಕೊಟ್ಟಿದೆ. 1982–83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಪಟ್ರಮೆಯ ಬಳಿ ಗೇರುತೋಟಕ್ಕಾಗಿ ಕಾಡು ಸವರಿದ ಹೊತ್ತಿನಲ್ಲಿ ಈ ಕಾಯಿಲೆ ಎಂದೂ ಕಾಣದಷ್ಟು ಭೀಕರವಾಗಿ ಎರಗಿತು. ಸಾವಿರಕ್ಕೂ ಹೆಚ್ಚು ಜನ ಮಲಗಿದರು, ನೂರಕ್ಕೂ ಹೆಚ್ಚು ಜನ ಸತ್ತರು. ಅದೇ 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಡಿತಕ್ಕೆ ಬಂದವರೆದುರು ಮರಗಳನ್ನು ಅಪ್ಪಿ ನಿಂತರು, ಅಪ್ಪಿಕೋ ಚಳವಳಿ ಹುಟ್ಟಿತು. ಅವರು ನೀರಿಗಾಗಿ, ಸೊಪ್ಪಿಗಾಗಿ, ಬದುಕಿಗಾಗಿ ನಿಂತದ್ದು, ರೋಗದ ಲೆಕ್ಕ ಹಾಕಿ ಅಲ್ಲ. ಆದರೂ ಆ ಎರಡು ಘಟನೆಗಳನ್ನು ಇಂದು ಒಟ್ಟಿಗೆ ಓದಬೇಕು. ಕಾಡು ಸವರುವುದೆಂದರೆ ಅಂಚನ್ನು ಹೆಚ್ಚಿಸುವುದು. ಅಖಂಡ ಕಾಡನ್ನು ಒಡೆದು ತುಂಡು ಮಾಡಿದಾಗ, ಲಂಟಾನದಂಥ ಪೊದೆ ತೆರೆದ ಜಾಗಕ್ಕೆ ನುಗ್ಗಿದಾಗ, ಇಲಿ, ಮಂಗ, ದನ, ಮನುಷ್ಯ ಒಂದೇ ದಾರಿಯಲ್ಲಿ ನಡೆಯುವಾಗ ಉಣುಗಿಗೆ ಸುಗ್ಗಿ. 2020ರಲ್ಲಿ ಬೆಥನ್ ಪರ್ಸ್ ಮತ್ತು ಭಾರತೀಯ ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನವೂ ತೇವದ ಕಾಡು, ತೋಟ, ಗದ್ದೆಗಳು ಹೆಣೆದುಕೊಂಡಿರುವ, ನಾಟಿ ದನಗಳು ಹೆಚ್ಚಿರುವ ಪ್ರದೇಶಗಳಲ್ಲಿಯೇ ಮನುಷ್ಯರಿಗೆ ಅಪಾಯ ಹೆಚ್ಚೆಂದು ತೋರಿಸಿತು. ಆ ವರ್ಣನೆ ಸಿದ್ದಾಪುರ, ಶಿರಸಿಗಳ ಪಶ್ಚಿಮದ ಕಣಿವೆಗಳಿಗೆ ಚೆನ್ನಾಗಿ ಒಪ್ಪುತ್ತದೆ; ಯಲ್ಲಾಪುರದ ಅಡಿಕೆ ಕಣಿವೆಗಳೂ ಗೌಳಿಗರ ದನದ ಹಿಂಡುಗಳೂ ಇದರಿಂದ ದೂರವಿಲ್ಲ.

ಮಂಗದ ಮೇಲಿನ ಸಿಟ್ಟಿಗೂ ಇದೇ ಮಾತು. ಮಂಗನ ಬಾವು ಎಂದು ಕನ್ನಡದಲ್ಲಿ ಕರೆಯುವ ಗದ್ದಕಟ್ಟಿಗೂ ಮಂಗಕ್ಕೂ ಯಾವ ಸಂಬಂಧವೂ ಇಲ್ಲ. ಆ ಹೆಸರಿನಿಂದ ಯಾರೂ ಕೆಟ್ಟದ್ದನ್ನು ಅನುಭವಿಸಲಿಲ್ಲ. ಮಂಗನ ಕಾಯಿಲೆ ಎಂಬ ಹೆಸರು ಮಾತ್ರ ಅಪರಾಧಿಯನ್ನೇ ತಪ್ಪಾಗಿ ತೋರಿಸಿತು. ತೋಟಕ್ಕೆ ನುಗ್ಗಿ ಎಳೆಯಡಿಕೆ, ಬಾಳೆ ಹಾಳುಮಾಡುವ ಮಂಗಗಳ ಮೇಲೆ ರೈತರಿಗೆ ಸಿಟ್ಟಿರುವುದು ಸಹಜ, ಆ ನಷ್ಟ ನಿಜವಾದದ್ದು. ಆದರೆ ಈ ಕಾಯಿಲೆಯಲ್ಲಿ ಮಂಗ ನಮಗಿಂತ ಮೊದಲು ಸಾಯುವ ರೋಗಿ. ಸತ್ತ ಮಂಗ ಆ ವರ್ಷದ ಮೊದಲ ಎಚ್ಚರಿಕೆ. ಅದನ್ನು ಮುಟ್ಟದೆ, ಕೂಡಲೇ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಿ, ಪರೀಕ್ಷೆಯ ನಂತರ ಕಳೇಬರವನ್ನು ಸುಡಿಸಿ, ಸುತ್ತ 50 ಮೀಟರ್ ಮೆಲಾಥಿಯಾನ್ ಹಾಕಿಸಿದರೆ ಎಷ್ಟೋ ಮನೆಗಳು ಉಳಿಯುತ್ತವೆ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಲಸಿಕೆಯದು. ಸಿಡುಬನ್ನು ಲಸಿಕೆ ಗೆದ್ದಿತು, ಇದನ್ನೂ ಗೆಲ್ಲಲಿ, ಉಳಿದ ಮಾತೆಲ್ಲ ಯಾಕೆ? ಪ್ರಯತ್ನ ಆಗದೇ ಇಲ್ಲ. ಮೊದಲು ರಷ್ಯಾದ ಮಿದುಳುಜ್ವರದ ಲಸಿಕೆಯನ್ನೇ ಹಾಕಿ ನೋಡಿದರು, ಅದು ಕಾಯಲಿಲ್ಲ. ಆಮೇಲೆ ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಸಿದ್ಧವಾಯಿತು, ಬೆಂಗಳೂರಿನ ಹೆಬ್ಬಾಳದ ಪಶು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿತ್ತು. 1990ರ ದಶಕದ ಆರಂಭದಲ್ಲಿ ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ನಡೆದ ಪರೀಕ್ಷೆಯಲ್ಲಿ ಎರಡು ಡೋಸ್ ಪಡೆದವರಲ್ಲಿ ಶೇ. 93.5ರಷ್ಟು ರಕ್ಷಣೆ ಕಂಡಿತ್ತು. 2005ರಿಂದ 2010ರವರೆಗಿನ ಅಂಕಿಅಂಶ ನೋಡಿದಾಗ ಅದು ಎರಡು ಡೋಸಿಗೆ ಶೇ. 62.4, ಬೂಸ್ಟರ್ ಸೇರಿದರೆ ಶೇ. 82.9 ಇತ್ತು, ಒಂದೇ ಡೋಸ್ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ಕಾಣಲಿಲ್ಲ. ತಿಂಗಳ ಅಂತರದಲ್ಲಿ ಎರಡು ಸೂಜಿ, ಆರರಿಂದ ಒಂಬತ್ತು ತಿಂಗಳಿಗೆ ಮತ್ತೊಂದು, ಆಮೇಲೆ ವರ್ಷವರ್ಷ ಬೂಸ್ಟರ್ ಎಂದರೆ ಕೂಲಿ ಬಿಟ್ಟು ಸಾಲು ನಿಲ್ಲಬೇಕಾದ ಕುಟುಂಬಕ್ಕೆ ಸುಲಭವಲ್ಲ, ಸೂಜಿಯ ನೋವೂ ಕಡಿಮೆಯಿರಲಿಲ್ಲ. ಕೊನೆಗೆ ಸತ್ವ ಸಾಲದೆಂದು ಆ ಲಸಿಕೆಯೂ ನಿಂತಿತು. ಹೊಸದೊಂದರ ತಯಾರಿ ನಡೆದಿದೆ, ಅದು ಬರಲೇಬೇಕು. ಆದರೆ ಅತ್ಯುತ್ತಮ ಲಸಿಕೆಯೂ ಈ ರೋಗವನ್ನು ಸಿಡುಬಿನಂತೆ ನಿರ್ನಾಮ ಮಾಡಲಾರದು. ಎಲ್ಲ ಮನುಷ್ಯರಿಗೂ ಹಾಕಿದರೂ ವೈರಸ್ಸು ಉಣುಗಿನಲ್ಲಿ, ಇಲಿಯಲ್ಲಿ ಉಳಿದಿರುತ್ತದೆ. ಮುಂದಿನ ವರ್ಷ ಹುಟ್ಟಿದ ಮಗುವಿಗೂ, ಊರಿಗೆ ಹೊಸದಾಗಿ ಬಂದ ಕೂಲಿಯವರಿಗೂ ಅಪಾಯ ಮೊದಲಿನಷ್ಟೇ. ಲಸಿಕೆ ಇಲ್ಲಿ ಕೊಡೆಯಿದ್ದಂತೆ. ಮಳೆ ನಿಲ್ಲಿಸಲು ಅದರಿಂದ ಆಗುವುದಿಲ್ಲ, ಹಾಗೆಂದು ಕೊಡೆ ಬೇಡವೆನ್ನುವಂತೆಯೂ ಇಲ್ಲ.

ಹಾಗಿದ್ದರೆ ಜನರನ್ನೇ ಬೆಟ್ಟಕ್ಕೆ ಹೋಗದಂತೆ ತಡೆಯಬೇಕು ಎನ್ನುವವರಿದ್ದಾರೆ. ಪ್ರತಿ ಬೇಸಿಗೆಯಲ್ಲಿ ಕಾಡಿಗೆ ಹೋಗಬೇಡಿ ಎಂಬ ಪ್ರಕಟಣೆ ಬರುತ್ತದೆ. ದರಕು ಬರದೆ ಗೊಬ್ಬರವಿಲ್ಲ, ಕಟ್ಟಿಗೆಯಿಲ್ಲದೆ ಒಲೆಯಿಲ್ಲ ಎನ್ನುವ ಮನೆಗೆ ಆ ಮಾತು ತಲುಪುವುದಿಲ್ಲ. ತಲುಪುವ ಮಾತು ಬೇರೆ ಇದೆ. ಬೆಟ್ಟಕ್ಕೆ ಹೋಗುವ ಮುನ್ನ ಕೈಕಾಲಿಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳುವುದು, ಮೈತುಂಬ ಬಟ್ಟೆ ತೊಡುವುದು, ಮರಳಿದ ಕೂಡಲೇ ಬಿಸಿನೀರು, ಸೋಪಿನಿಂದ ಸ್ನಾನ ಮಾಡಿ ಬಟ್ಟೆ ಒಗೆಯುವುದು, ದರಕಿನ ರಾಶಿಯನ್ನು ಮನೆಯಂಗಳದಿಂದ ದೂರ ಇಡುವುದು, ದನಗಳ ಉಣುಗಿಗೆ ಪಶುವೈದ್ಯರಿಂದ ಔಷಧಿ ಹಾಕಿಸುವುದು: ಇವು ಬೇಸಾಯ ಬಿಡದೆ ಮಾಡಬಹುದಾದ ಕೆಲಸಗಳು. ಇನ್ನೊಂದು ದೊಡ್ಡ ಕೆಲಸ ರೋಗ ಗುರುತಿಸುವುದು. ಸಿಡುಬಿನಂತೆ ಇದು ಮುಖದ ಮೇಲೆ ಬರೆದುಕೊಂಡು ಬರುವುದಿಲ್ಲ. ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ಒಮ್ಮೆಲೇ ಜ್ವರ, ಹಣೆ ಸಿಡಿಯುವ ತಲೆನೋವು, ಮೈಕೈ ನೋವು, ವಾಂತಿ. ಕೆಲವರಿಗೆ ಮೂಗು, ಒಸಡಿನಿಂದ ರಕ್ತ. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮರುಕಳಿಸಿ ಮಿದುಳಿಗೆ ಏರುತ್ತದೆ. ಡೆಂಗಿ, ಇಲಿಜ್ವರಗಳೂ ಮೊದಲ ದಿನಗಳಲ್ಲಿ ಹೀಗೇ ಕಾಣುತ್ತವೆ. ಮೊದಲ ವಾರದಲ್ಲಿ ರಕ್ತದ ಆರ್‌ಟಿಪಿಸಿಆರ್, ಆಮೇಲೆ ಐಜಿಎಂ ಪರೀಕ್ಷೆ ಮಾಡಿದರೆ ಮಾತ್ರ ಖಚಿತ. ವೈರಸ್ಸನ್ನು ಕೊಲ್ಲುವ ಔಷಧಿಯಿಲ್ಲ. ಆದರೆ ದೇಹದ ನೀರಿನಂಶ, ರಕ್ತಸ್ರಾವವನ್ನು ನೋಡಿಕೊಳ್ಳುವ ಆರೈಕೆ ಬೇಗ ಸಿಕ್ಕರೆ ಬದುಕುವವರೇ ಹೆಚ್ಚು. ಹಾಗಿದ್ದೂ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಪರೀಕ್ಷೆಯ ಫಲಿತಾಂಶ ಎಷ್ಟು ದಿನಕ್ಕೆ ಬರುತ್ತದೆ ಎಂಬುದು ಈ ನಾಡಿನಲ್ಲಿ ಜೀವದ ಪ್ರಶ್ನೆ.

2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ರೋಗ ಮತ್ತೆ ಎರಗಿ ಹಲವರನ್ನು ಬಲಿ ತೆಗೆದುಕೊಂಡಿತು. ಶರಾವತಿಯ ಈಚೆಗಿರುವ ಸಿದ್ದಾಪುರ ತಾಲ್ಲೂಕಿನಲ್ಲಿಯೂ ನಂತರದ ವರ್ಷಗಳಲ್ಲಿ ಜನ ಮಲಗಿದರು, 2024ರ ಆರಂಭದಲ್ಲಿ ಉತ್ತರ ಕನ್ನಡದ ರೋಗಿಗಳಲ್ಲಿ ಹೆಚ್ಚಿನವರು ಅಲ್ಲಿಯವರೇ ಆಗಿದ್ದರು. ಜಿಲ್ಲೆ ಬೇರೆ, ಇಲಾಖೆಗಳು ಬೇರೆ, ಕಡತಗಳು ಬೇರೆ, ಕಣಿವೆ ಒಂದೇ. ಆರೋಗ್ಯ, ಅರಣ್ಯ, ಪಶುಸಂಗೋಪನೆ ಮೂರೂ ಇಲಾಖೆಗಳು ಹೊಳೆಯ ಎರಡೂ ದಡದ ಮಂಗಗಳ ಸಾವನ್ನು ಒಂದೇ ಪಟ್ಟಿಯಲ್ಲಿ ಬರೆಯುವವರೆಗೆ, ತೈಲ ಮತ್ತು ಪರೀಕ್ಷೆ ಎಲೆ ಉದುರುವ ಮೊದಲೇ ಊರಿಗೆ ಮುಟ್ಟುವವರೆಗೆ ನಾವು ಪ್ರತಿ ವರ್ಷ ಸಾವಿನ ನಂತರವೇ ಎಚ್ಚರಾಗುತ್ತೇವೆ. ಸಿಡುಬಿನ ಮಾರಿಯನ್ನು ಹಿರಿಯರು ಸೀಮೆ ದಾಟಿಸಲು ನೋಡಿದರು, ವಿಜ್ಞಾನ ಅದನ್ನು ನಿಜವಾಗಿಯೂ ದಾಟಿಸಿತು. ಈ ಮಾರಿಯನ್ನು ದಾಟಿಸಲು ಜಾಗವಿಲ್ಲ, ಏಕೆಂದರೆ ಅವಳು ನಿಂತಿರುವುದು ಸೀಮೆಯಲ್ಲಿಯೇ. ಅಲ್ಲಿಗೆ ದಿನವೂ ಹೋಗಿಬರುವವರು ದರಕು ಗುಡಿಸುವ ಹೆಂಗಸರು, ದನ ಕಾಯುವವರು, ಕಟ್ಟಿಗೆಗೆ ಹೋಗುವ ಕೂಲಿಗಳು. ಸತ್ತ ಮಂಗವನ್ನು ಮೊದಲು ನೋಡುವವರೂ ಅವರೇ, ಉಣುಗು ಮೊದಲು ಕಚ್ಚುವುದೂ ಅವರಿಗೇ. 1957ರಲ್ಲಿ ಪುಣೆಯ ವಿಜ್ಞಾನಿಗಳನ್ನು ಕ್ಯಾಸನೂರಿಗೆ ಕರೆತಂದದ್ದು ಕಾಡಂಚಿನಲ್ಲಿ ಕಂಡ ಮಂಗಗಳ ಸಾವಿನ ಸುದ್ದಿ. ಈ ಸೀಮೆಯ ಕಾವಲು ಇಂದಿಗೂ ಅಂಥ ಸುದ್ದಿ ತರುವವರ ಕೈಯಲ್ಲಿದೆ, ಅವರ ಮಾತನ್ನು ಅದೇ ದಿನ ಕೇಳಿಸಿಕೊಳ್ಳುವ ವ್ಯವಸ್ಥೆ ಕಟ್ಟುವುದು ಉಳಿದವರ ಹೊಣೆ.